ವಾರಾಬಂದಿ ಅಂದ್ರೇನು? ಪಾಳಿ ಬಂದ್ರೂ ಕೊನೆಭಾಗಕ್ಕೆ ನೀರು ಯಾಕೆ ಬರಂಗಿಲ್ಲ?

ರಾಯಚೂರು: ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದ್ರೆ ಸಿರವಾರ, ಮಾನ್ವಿ ಕಡೆಯ ರೈತರು ಕೇಳೋ ಮೊದಲ ಪ್ರಶ್ನೆ, ‘ಮೈಲ್ 104ರಾಗ ಗೇಜ್ ಎಷ್ಟೈತಿ?’ ಕಾಲುವೆ ಉದ್ದ 227 ಕಿ.ಮೀ. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಉಳಿದಿದ್ದಷ್ಟೇ ಇವರ ಪಾಲು.

ಯಾವ ಬೆಳೆಗೆ, ಯಾವಾಗ, ಎಷ್ಟು ನೀರು ಅನ್ನೋದನ್ನ ನೀರಾವರಿ ಸಲಹಾ ಸಮಿತಿ (ಐಸಿಸಿ) ತೀರ್ಮಾನಿಸುತ್ತದೆ. ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ನೀರು ಸಾಲದಾದಾಗ ವಿತರಣಾ ಕಾಲುವೆಗಳಿಗೆ ಸರದಿ ಮೇಲೆ ನೀರು ಬಿಡ್ತಾರೆ. ಇದಕ್ಕೆ ‘ಆನ್ ಅಂಡ್ ಆಫ್’ ಅಂತಾರೆ.

ವಾರಾಬಂದಿ ಅದರ ಮುಂದಿನ ಹೆಜ್ಜೆ. ಒಂದು ತೂಬಿನ ಕೆಳಗಿನ ರೈತರು ವಾರದ ತಾಸುಗಳನ್ನ ಎಕರೆ ಲೆಕ್ಕದಲ್ಲಿ ಹಂಚಿಕೊಳ್ಳೋದು. ವಾರಕ್ಕೆ 168 ತಾಸು. ಹೊಲಗಾಲುವೆ ತುಂಬೋಕೆ 8 ತಾಸು ಹೋದ್ರೆ ಉಳಿಯೋದು 160. ತೂಬಿನ ಕೆಳಗೆ 80 ಎಕರೆ ಇದ್ರೆ ಎಕರೆಗೆ 2 ತಾಸು. ಮೂರು ಎಕರೆಯವನಿಗೆ 6 ತಾಸು. ಅದು ರಾತ್ರಿ ಎರಡಕ್ಕೆ ಬಂದ್ರೂ ಬ್ಯಾಟರಿ ಹಿಡಕೊಂಡು ಹೋಗಲೇಬೇಕು.

ತೊಡಕಿರೋದು ಇಲ್ಲೇ. ವಾರಾಬಂದಿ ಹಂಚೋದು ತಾಸನ್ನ, ನೀರನ್ನಲ್ಲ. ನಿಮ್ಮ 6 ತಾಸಿನಲ್ಲಿ ಮೇಲಿನವರು ಪಂಪ್‌ಸೆಟ್ ಇಟ್ಟು ಎತ್ತಿದ್ರೆ ನಿಮ್ಮ ಪಾಳಿ ಕಾಗದದ ಮೇಲೆ ಮುಗಿದುಹೋಗ್ತದೆ. ಮುಂದಿನ ಪಾಳಿವರೆಗೆ ಕಾಯಬೇಕು. ತೆನೆ ಹೊಡೆಯೋ ಹೊತ್ತಿನ ಭತ್ತ ಅಷ್ಟು ದಿನ ಕಾಯಂಗಿಲ್ಲ, ಜೊಳ್ಳಾಗ್ತದೆ.

ಮೇಲ್ಭಾಗದವರನ್ನಷ್ಟೇ ಬೈದ್ರೆ ಲೆಕ್ಕ ಪೂರ್ತಿ ಆಗಲ್ಲ ಅನ್ನಿ. ಈ ಕಾಲುವೆ ರೂಪಿಸಿದ್ದೇ ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಭತ್ತಕ್ಕೆ ಗೊತ್ತು ಮಾಡಿದ್ದು ಸ್ವಲ್ಪ ಜಮೀನು ಮಾತ್ರ. ಈಗ ನೀರು ಕಂಡಲ್ಲೆಲ್ಲ ಭತ್ತ, ಕೊನೆಭಾಗದಲ್ಲೂ ಅದೇ ಆಸೆ. ಭತ್ತದಷ್ಟು ಭರವಸೆಯ ಮಾರುಕಟ್ಟೆ ಜೋಳಕ್ಕೆ ಎಲ್ಲೈತಿ ಅಂತ ರೈತರು ಕೇಳಿದ್ರೆ ಉತ್ತರ ಕೊಡೋದು ಕಷ್ಟ.

ಪಾಳಿ ತಪ್ಪಿದ್ರೆ ಏನು ಮಾಡಬೇಕು? ಪಾಳಿ ಪಟ್ಟಿ ಬರವಣಿಗೆಯಲ್ಲಿ ಇರಲಿ, ಬಾಯಿಮಾತಿನ ಪಟ್ಟಿ ಜಗಳಕ್ಕೆ ದಾರಿ. ನೀರು ಬಂದ ಟೈಮ್, ನಿಂತ ಟೈಮ್ ಬರೆದಿಡಿ, ತೂಬಿನ ಫೋಟೋ ತೆಗೆದಿಡಿ. ಅವತ್ತೇ ನೀರು ಬಳಕೆದಾರರ ಸಂಘಕ್ಕೆ, ಉಪವಿಭಾಗದ ಎಂಜಿನಿಯರ್‌ಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ವಾರ ಬಿಟ್ಟು ಹೋದ್ರೆ ‘ಅವತ್ತು ಗೇಜ್ ಸರಿ ಇತ್ತಲ್ಲ’ ಅಂತಾರೆ, ಆಗ ತೋರಿಸೋಕೆ ನಿಮ್ಮ ಕೈಯಾಗ ಏನೂ ಇರಂಗಿಲ್ಲ.