ಗೋವಾದ ಹಳೆಯ ಅಮೆರಿಕನ್ ಕಾರುಗಳು: ಬಂದರಿನಿಂದ ಬೆಳ್ಳಿತೆರೆಗೆ

ಮಧ್ಯಮ ಗಾತ್ರದ ಕಾರಿಗೆ 6.4 ಲೀಟರಿನ ವಿ-8 ಎಂಜಿನ್ ಕೂರಿಸಿ ಪಾಂಟಿಯಾಕ್ ಕಂಪನಿ ತಂದ 1964ರ ಜಿಟಿಒ ಮಾದರಿಯಿಂದ ಮಸಲ್ ಕಾರುಗಳ ಯುಗ ಶುರುವಾಯಿತೆನ್ನುತ್ತಾರೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಫೋರ್ಡ್ ಮಸ್ಟ್ಯಾಂಗ್ ಬಂತು. ವರ್ಷ ಮುಗಿಯುವುದರೊಳಗೆ ಬ್ರಿಟನ್ನಿನ ಬಾಂಡ್ ಚಿತ್ರ ‘ಗೋಲ್ಡ್‌ಫಿಂಗರ್’ನಲ್ಲೂ ಕಾಣಿಸಿಕೊಂಡಿತು. 1971ರ ‘ಡೈಮಂಡ್ಸ್ ಆರ್ ಫಾರೆವರ್’ನಲ್ಲಿ ಬಾಂಡ್ ಸ್ವತಃ ಮಸ್ಟ್ಯಾಂಗ್ ಓಡಿಸಿದ.

ಬಾಂಡ್ ಜಾಡು ಹಿಡಿದ ಕನ್ನಡ ಚಿತ್ರರಂಗ 1968ರಲ್ಲಿ ‘ಜೇಡರ ಬಲೆ’ಯನ್ನೂ ‘ಗೋವಾದಲ್ಲಿ ಸಿಐಡಿ 999’ ಚಿತ್ರವನ್ನೂ ಕೊಟ್ಟಿತು. ನಿರ್ದೇಶನ ದೊರೆ–ಭಗವಾನ್ ಜೋಡಿಯದು, ಪತ್ತೇದಾರನ ಪಾತ್ರ ರಾಜ್‌ಕುಮಾರ್ ಅವರದು. ಆದರೆ ಅಂಥ ಚಿತ್ರಕ್ಕೆ ಹೊಸ ಮಸಲ್ ಕಾರು ತರಿಸುವುದು ಆಗ ಸುಲಭವಿರಲಿಲ್ಲ. 1928ರಿಂದ ಮುಂಬಯಿಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್, ದೇಶೀ ತಯಾರಿಕೆಗೆ ಒತ್ತು ಕೊಟ್ಟ 1953ರ ಸುಂಕ ನೀತಿಯ ನಂತರ 1954ರಲ್ಲಿ ಬಾಗಿಲು ಹಾಕಿತು. ಪ್ರೀಮಿಯರ್ ಕಂಪನಿಯ ಡಾಡ್ಜ್, ಪ್ಲಿಮತ್‌ಗಳು ಉಳಿದವು. ನಟರು ಮೆಚ್ಚಿದ ಷೆವರ್ಲೆ ಇಂಪಾಲಾದಂಥ ವಿದೇಶಿ ಕಾರು ಬೇಕಿದ್ದರೆ, ರಾಯಭಾರ ಕಚೇರಿಗಳು ಬಿಟ್ಟ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಹರಾಜು ಹಾಕುವುದನ್ನು ಕಾಯಬೇಕಿತ್ತು.

ಗೋವಾದ ಕಥೆ ಬೇರೆ. 1961ರ ಡಿಸೆಂಬರ್ 19ರವರೆಗೆ ಅದು ಪೋರ್ಚುಗೀಸರ ಕೈಯಲ್ಲಿತ್ತು. ಭಾರತದ ಆಮದು ನಿರ್ಬಂಧ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಕಬ್ಬಿಣದ ಅದಿರಿನ ರಫ್ತಿನಿಂದ ಹಣ ಹರಿದ 1950ರ ದಶಕದಲ್ಲಿ ಅಮೆರಿಕ, ಜರ್ಮನಿಯ ಕಾರುಗಳು ಮರ್ಮಗೋವಾ ಬಂದರಿನಲ್ಲಿ ಇಳಿದವು. ಪೋರ್ಚುಗಲ್ 1928ರಲ್ಲಿ ರಸ್ತೆಯ ಬಲಬದಿಗೆ ಹೊರಳಿದರೂ ಗೋವಾ ಎಡಬದಿಯಲ್ಲೇ ಉಳಿಯಿತು. ಅಮೆರಿಕದ ಎಡಗಡೆ ಸ್ಟಿಯರಿಂಗಿನ ಕಾರನ್ನು ಎಡಬದಿಯಲ್ಲಿ ಓಡಿಸುವಾಗ ಎದುರಿನ ವಾಹನ ಕಾಣದೆ ಓವರ್‌ಟೇಕ್ ಮಾಡುವುದೇ ಕಷ್ಟ.  ವಿಮೋಚನೆಯ ಬಳಿಕ ಗೋವಾಕ್ಕೂ ಭಾರತದ ಕಾನೂನು ಬಂತು. ಮಸಲ್ ಕಾರು ಹುಟ್ಟುವ ಹೊತ್ತಿಗೆ ಬಂದರಿನ ದಾರಿ ಮುಚ್ಚಿತ್ತು. ಗೋವಾದ ಅಮೆರಿಕನ್ ಕಾರುಗಳ ಪರಂಪರೆ ಹೆಚ್ಚಾಗಿ ಅದಕ್ಕೂ ಹಿಂದಿನ ದೊಡ್ಡ ಸೆಡಾನ್‌ಗಳದ್ದಾಗಿರುವುದು ಹೀಗೆ. ಸಂಗ್ರಾಹಕರು ಪರವಾನಗಿಯಿಲ್ಲದೆ ತರಿಸಬಹುದಾದದ್ದೂ ಬಹುಕಾಲ 1950ಕ್ಕೂ ಮೊದಲಿನ ವಾಹನಗಳನ್ನು ಮಾತ್ರ.

ಸಂರಕ್ಷಣೆ ಸಂಸ್ಥೆಗಳ ರೂಪ ತಳೆದದ್ದು ಈಚೆಗೆ. ಗೋವಾದ ನುವೇಂನಲ್ಲಿ ಆಶ್ವೇಕ್ ವಿಂಟೇಜ್ ವರ್ಲ್ಡ್ ಎಂಬ ಹಳೆಯ ಕಾರುಗಳ ಸಂಗ್ರಹಾಲಯ ಇದೆ. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರ ‘ಪಯಣ’ ಸಂಗ್ರಹಾಲಯ 2023ರಲ್ಲಿ ತೆರೆಯಿತು. ಸಿನಿಮಾವೂ ಗೋವಾದ ಹಳೆಯ ಕಾರನ್ನು ಮರೆತಿಲ್ಲ. 2014ರ ‘ಫೈಂಡಿಂಗ್ ಫ್ಯಾನಿ’ಯಲ್ಲಿ ಐವರು ಹಳೆಯ ಕಾರೊಂದರಲ್ಲೇ ಗೋವಾದ ಊರುಗಳನ್ನು ಸುತ್ತುತ್ತಾರೆ.

ಹಳೆಯ ಕಾರು ನಿಂತಷ್ಟೂ ಕೆಡುತ್ತದೆ. ರಬ್ಬರ್ ಸೀಳುತ್ತದೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಟ್ಯಾಂಕಿಗೆ ತುಕ್ಕು ಬರುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಅದು ಓಡಬೇಕು, ಓಡಿ ತನ್ನ ಖರ್ಚನ್ನು ತಾನೇ ದುಡಿಯಬೇಕು. ಬ್ರಿಟನ್ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಬಿಟ್ಟಿದೆ. ನಮ್ಮಲ್ಲಿ 2021ರ ನಿಯಮ 50 ವರ್ಷ ಮೀರಿದ, ಮೂಲ ರೂಪದ ವಾಹನಗಳಿಗೆ ‘ವಿಎ’ ಅಕ್ಷರಗಳ ನೋಂದಣಿ ಕೊಟ್ಟು ಮಾನ್ಯತೆ ನೀಡಿತು. ಅದು ದೊಡ್ಡ ಹೆಜ್ಜೆ. ಆದರೆ ರ‍್ಯಾಲಿ, ಪ್ರದರ್ಶನ, ಸಂಶೋಧನೆ, ದುರಸ್ತಿಗೆ ರಸ್ತೆಗಿಳಿಯಲು ಬಿಡುವ ಆ ನಿಯಮ ವಾಣಿಜ್ಯ ಬಳಕೆಯನ್ನು ತಡೆಯುತ್ತದೆ. ಚಿತ್ರೀಕರಣಕ್ಕೆ ಅದರಲ್ಲಿ ಸ್ಪಷ್ಟ ವಿನಾಯಿತಿ ಸಿಗಬೇಕು. 2004ರಿಂದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಸುತ್ತಿರುವ ಗೋವಾ ಈ ಬೇಡಿಕೆಯನ್ನು ಮುಂದಿಡಲಿ, ಕರ್ನಾಟಕ ಜೊತೆಗೂಡಲಿ.