ಕೈರೋದ ವೇದಿಕೆ, ಮೇಜಿನ ಮೇಲಿನ ಬಾಟಲಿ (ಭಾಗ 3)

ಬೆಲ್ಲಿ ಡ್ಯಾನ್ಸ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನರ ಕಣ್ಣಿಗೆ ಬರೋದು ‘ಶೋಲೆ’ಯ ಹೆಲೆನ್. ಅದು ಮುಂಬೈ ಕಟ್ಟಿದ ಅರೇಬಿಯಾ, ಇರಲಿ. ಆದರೆ ಈ ನೃತ್ಯವನ್ನು ಗಂಭೀರವಾಗಿ ಕಲಿಯುವವರ ನಡುವೆಯೂ ಒಂದು ಮಾತು ಓಡಾಡುತ್ತೆ: ಮೊದಲು ಇದು ಶುದ್ಧ ಕಲೆಯಾಗಿತ್ತು, ಟಿಕೆಟ್ ಶೋಗಳು ಬಂದು ಹಾಳು ಮಾಡಿದವು ಅಂತ. ನಾನೂ ಹಾಗೇ ನಂಬಿದ್ದೆ. ಕೈರೋದ ಕಥೆ ಓದಿದ ಮೇಲೆ ಅದು ಅಷ್ಟು ಸುಲಭ ಅಲ್ಲ ಅನ್ನಿಸ್ತು.

1926ರಲ್ಲಿ ಬದೀಯಾ ಮಸಾಬ್ನಿ ಎಂಬ ನಟಿ ಕೈರೋದ ಇಮಾದ್ ಅಲ್-ದೀನ್ ಬೀದಿಯಲ್ಲಿ ತಮ್ಮದೇ ‘ಸಾಲಾ’ ತೆರೆದರು. ಹುಟ್ಟಿದ್ದು ಡಮಾಸ್ಕಸ್‌ನಲ್ಲಿ, ನಟನೆ, ಹಾಡು, ಕುಣಿತದ ಜೊತೆಗೆ ಪಕ್ಕಾ ವ್ಯಾಪಾರಿ ಬುದ್ಧಿ. ಹಾಡು, ಹಾಸ್ಯ, ವಿದೇಶಿ ತಂಡಗಳ ಐಟಂ, ನಡುವೆ ನೃತ್ಯ. ಹೆಂಗಸರಿಗಾಗಿಯೇ ಬೇರೆ ಪ್ರದರ್ಶನವನ್ನೂ ಇಟ್ಟರು. 1940ರಲ್ಲಿ ಆಪೆರಾ ಚೌಕದಲ್ಲಿ ‘ಕೆಸಿನೊ ಆಪೆರಾ’ ಶುರುವಾಯ್ತು. ಕೆಸಿನೊ ಅಂದ್ರೆ ಇಲ್ಲಿ ಜೂಜಿನ ಅಡ್ಡೆ ಅಲ್ಲ, ಮನರಂಜನೆಯ ಹಾಲ್.

ಈಗ ನೃತ್ಯಕ್ಕೆ ಏನಾಯ್ತು ನೋಡಿ. ಮದುವೆ ಮನೆಯ ಬಲದೀ ಕುಣಿತಕ್ಕೆ ಸಿಗ್ತಿದ್ದದ್ದು ನಾಲ್ಕು ಅಡಿ ಜಾಗ, ಸುತ್ತ ಜನ. ಸೊಂಟ, ಹೊಟ್ಟೆಯ ಸಣ್ಣ ಚಲನೆಯೇ ಸಾಕಿತ್ತು. ಅಗಲವಾದ ವೇದಿಕೆಯ ಮೇಲೆ, ದೂರ ಕೂತವರಿಗೆ ಅದು ಕಾಣೋದೇ ಇಲ್ಲ! ಹಾಗಾಗಿ ಕೈಗಳು ಮೇಲೆದ್ದವು, ಹೆಜ್ಜೆ ವೇದಿಕೆಯ ತುಂಬ ಓಡಿತು, ಹಿಂದೆ ಸಾಲಾಗಿ ಹುಡುಗಿಯರು ನಿಂತರು. ಬ್ಯಾಲೆ, ಲ್ಯಾಟಿನ್ ಹೆಜ್ಜೆ ಸೇರಿತು. ಮಿನುಗುವ ಎರಡು ತುಂಡಿನ ಉಡುಪು ರೂಢಿಯಾದದ್ದೂ ಇಂಥ ಹಾಲ್‌ಗಳಿಂದ ಮತ್ತು ಸಿನಿಮಾದಿಂದಲೇ. ಇವತ್ತು ಲೋಕದ ಎಲ್ಲ ಕಡೆ ‘ಸಾಂಪ್ರದಾಯಿಕ ರಕ್ಸ್ ಶರ್ಕೀ’ ಅಂತ ಕಲಿಸೋದು ಬಹುಮಟ್ಟಿಗೆ ಟಿಕೆಟ್ ಮಾರಲು ಹುಟ್ಟಿದ ಈ ರೂಪವನ್ನೇ.

ಹಾಗಂತ ಕಲೆ ಸತ್ತಿತಾ? ಬದೀಯಾ ತಂಡದಿಂದಲೇ ಬಂದ ಇಬ್ಬರನ್ನು ನೋಡಿ. ಸಾಮಿಯಾ ಗಮಾಲ್ ವೇದಿಕೆಯನ್ನೆಲ್ಲ ಬಳಸಿಕೊಂಡರು, ಮೇಲುವಸ್ತ್ರ ಹಾರಿಸುತ್ತಾ ಗಾಳಿಯ ಹಾಗೆ. ತಹಿಯಾ ಕಾರಿಯೋಕಾ ಉಲ್ಟಾ, ಬಹುತೇಕ ನಿಂತಲ್ಲೇ. ವಿದ್ವಾಂಸ ಎಡ್ವರ್ಡ್ ಸೈದ್ ಹುಡುಗನಾಗಿದ್ದಾಗ ಕೈರೋದಲ್ಲಿ ತಹಿಯಾ ನೃತ್ಯ ನೋಡಿದ್ದರು. 1990ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದಾಗ ಅವರು ಮೆಚ್ಚಿದ್ದು ಆಕೆ ಎಷ್ಟು ಕಡಿಮೆ ಚಲಿಸುತ್ತಿದ್ದರು ಅನ್ನೋದನ್ನು. ವೇದಿಕೆ ದೊಡ್ಡದು ಅಂತ ಆಕೆ ಓಡಲಿಲ್ಲ. ನನಗೆ ಇಬ್ಬರಲ್ಲಿ ತಹಿಯಾ ಅವರೇ ಇಷ್ಟ.

ಹಾಗಾದ್ರೆ ದುಡ್ಡು ಕೆಡಿಸಿದ್ದು ಎಲ್ಲಿ? ವೇದಿಕೆಯಿಂದ ಇಳಿದ ಮೇಲೆ. ಕೈರೋದ ಇಂಥ ಹಾಲ್‌ಗಳಲ್ಲಿ ‘ಫತ್ಹ್’ ಅನ್ನೋ ಪದ್ಧತಿ ಇತ್ತು. ಫತ್ಹ್ ಅಂದ್ರೆ ತೆರೆಯೋದು, ಅಂದರೆ ಬಾಟಲಿ ತೆರೆಯೋದು. ಕುಣಿದಾದ ಮೇಲೆ ಗಿರಾಕಿಯ ಮೇಜಿಗೆ ಹೋಗಿ ಕೂತು, ಅವನಿಂದ ಹೆಚ್ಚು ಹೆಚ್ಚು ಬಾಟಲಿ ತರಿಸಬೇಕು. ಮಾಲೀಕರ ಲಾಭ ಅಲ್ಲಿತ್ತು. ಚೆನ್ನಾಗಿ ಕುಣಿಯೋಳಿಗಿಂತ ಚೆನ್ನಾಗಿ ಕುಡಿಸೋಳಿಗೆ ಬೆಲೆ ಬಂದ್ರೆ ಅಭ್ಯಾಸ ಯಾರು ಮಾಡ್ತಾರೆ ಹೇಳಿ? ನರ್ತಕಿಗೆ ಅಂಟಿದ ಕೆಟ್ಟ ಹೆಸರಿಗೂ ಹೆಚ್ಚು ಕಾರಣ ಈ ಮೇಜೇ ಅಂತ ನನಗನಿಸುತ್ತೆ.

1952ರ ಜನವರಿ 25ರಂದು ಇಸ್ಮಾಯಿಲಿಯಾದಲ್ಲಿ ಬ್ರಿಟಿಷ್ ಸೇನೆ ಸುಮಾರು 50 ಈಜಿಪ್ಟ್ ಪೊಲೀಸರನ್ನು ಕೊಂದಿತು. ಮರುದಿನ ಕೈರೋ ಬೀದಿಗಿಳಿಯಿತು. ಆಪೆರಾ ಚೌಕದಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಹೆಂಗಸಿನ ಜೊತೆ ಕುಡಿಯುತ್ತಾ ಕೂತಿದ್ದ, ಅದನ್ನು ಕಂಡು ಜನ ಕೆರಳಿದರು ಅಂತ ಹೇಳ್ತಾರೆ. ಅವತ್ತು ಮೊದಲು ಹೊತ್ತಿ ಉರಿದದ್ದು ಕೆಸಿನೊ ಆಪೆರಾ. ಸಂಜೆ ಹೊತ್ತಿಗೆ ನಗರದ ನೂರಾರು ಕಟ್ಟಡಗಳಿಗೆ ಬೆಂಕಿ ಬಿದ್ದಿತ್ತು.

ಬದೀಯಾ ಅಷ್ಟರಲ್ಲಾಗಲೇ ವಹಿವಾಟು ಮಾರಿ ಲೆಬನಾನ್ ಸೇರಿದ್ದರು. ಏಳು ವರ್ಷದ ನಂತರ, 1959ರಲ್ಲಿ, ಮಹಮೂದ್ ರೆದಾ ಜಾನಪದ ತಂಡ ಕಟ್ಟಿದರು: ಮೈತುಂಬ ಉಡುಪು, ಕುಟುಂಬ ಸಮೇತ ಬರೋ ಪ್ರೇಕ್ಷಕರು, ಮೇಜೂ ಇಲ್ಲ, ಬಾಟಲಿಯೂ ಇಲ್ಲ. ಆದರೆ ಎಲ್ಲ ಹೆಜ್ಜೆಯೂ ಮೊದಲೇ ನಿಗದಿ. ಅವರ ಕಥೆ ಭಾಗ 4ರಲ್ಲಿ.

#ನೃತ್ಯಇತಿಹಾಸ #ಕೈರೋ #ಕನ್ನಡದಲ್ಲಿಇತಿಹಾಸ