ನೆರೆಯವರ ಹೆಸರಿನ ರೋಗ

ಕಡಲಾಚೆಯಿಂದ ಬಂದ ಹಣ್ಣಿಗೆ ನಮ್ಮ ಜನ ಪರಂಗಿ ಹಣ್ಣು ಎಂದರು. ಕೋಟೆ ಕೆಡಹುವ ತೋಪಿಗೆ ಫಿರಂಗಿ ಎಂದರು. ಗುಹ್ಯಭಾಗದಲ್ಲಿ ಮೊದಲು ಕಾಣಿಸಿಕೊಳ್ಳುವ ರೋಗವೊಂದನ್ನೂ ಅದೇ ಲೆಕ್ಕಕ್ಕೆ ಸೇರಿಸಿ ಪರಂಗಿ ಹುಣ್ಣು ಎಂದು ಕರೆದರು. ಯುರೋಪಿನ 'ಫ್ರಾಂಕ್' ಜನರ ಹೆಸರು ಅರಬ್ಬಿ, ಪಾರಸಿಗಳ ಮೂಲಕ ಹಾದು ನಮ್ಮಲ್ಲಿ ಹೀಗೆ ನೆಲೆಸಿತು. ಇಂದಿನ ವೈದ್ಯರು ಸಿಫಿಲಿಸ್ ಎನ್ನುವುದು ಈ ರೋಗವನ್ನೇ.

ಚರಕ, ಸುಶ್ರುತರಲ್ಲಿ ಫಿರಂಗವೆಂಬ ರೋಗದ ಹೆಸರಿಲ್ಲ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ; ಮುಂದಿನ ಶತಮಾನದ ಭಾವಮಿಶ್ರ ತನ್ನ 'ಭಾವಪ್ರಕಾಶ'ದಲ್ಲಿ ಫಿರಂಗರೋಗವನ್ನು ವರ್ಣಿಸಿದ್ದಾನೆ. ಆತ ಹೇಳಿದ ಮದ್ದುಗಳಲ್ಲಿ ಪಾದರಸ ಒಂದು, ಚೋಪಚೀನಿ ಇನ್ನೊಂದು. ಈ ಚೋಪಚೀನಿಯೇ ನಮ್ಮ ಗಂಧಿಗೆಯಂಗಡಿಯ ಪರಂಗಿ ಚಕ್ಕೆ.

ಪರಂಗಿಯವರಾದರೂ ರೋಗವನ್ನು ತಮ್ಮದೆಂದು ಒಪ್ಪಿಕೊಂಡರೆ? 1495ರಲ್ಲಿ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸನ ಸೈನ್ಯ ಇಟಲಿಯ ನೇಪಲ್ಸ್ ನಗರವನ್ನು ಹಿಡಿದಾಗ ಅಲ್ಲಿ ಈ ರೋಗ ಭೀಕರವಾಗಿ ಹಬ್ಬಿತು. ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರು. ಫ್ರೆಂಚರು ನೇಪಲ್ಸಿನ ರೋಗವೆಂದರು. ರಷ್ಯನ್ನರಿಗೆ ಅದು ಪೋಲೆಂಡಿನದು, ಪೋಲೆಂಡಿನವರಿಗೆ ಜರ್ಮನರದು. 1530ರಲ್ಲಿ ವೆರೋನದ ವೈದ್ಯಕವಿ ಫ್ರಕಸ್ತೋರೊ ಸಿಫಿಲಸ್ ಎಂಬ ಕುರುಬನ ಕಥೆ ಕಟ್ಟಿ ರೋಗಕ್ಕೆ ಹೊಸ ಹೆಸರನ್ನು ಕೊಟ್ಟ. ಆದರೂ ಕಾವ್ಯದ ಶೀರ್ಷಿಕೆಯಲ್ಲಿ 'ಫ್ರೆಂಚರ ರೋಗ' ಎಂಬುದನ್ನು ಬಿಡಲಿಲ್ಲ!

ದೇಶಗಳ ಮೇಲೆ ಹೊರಿಸುತ್ತಿದ್ದ ದೋಷವನ್ನು ಹತ್ತೊಂಬತ್ತನೆಯ ಶತಮಾನದ ಸರ್ಕಾರಗಳು ಹೆಣ್ಣಿನ ಮೇಲೆ ಹೊರಿಸಿದವು. ಗೋರಾ ಸಿಪಾಯಿಗಳಲ್ಲಿ ಗುಹ್ಯರೋಗ ಹೆಚ್ಚಿತೆಂದು ಬ್ರಿಟಿಷರು 1868ರಲ್ಲಿ ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದರು. ಅದು ಜಾರಿಗೆ ಬಂದ ಊರುಗಳಲ್ಲಿ ವೇಶ್ಯೆಯರು ಹೆಸರು ನೋಂದಾಯಿಸಬೇಕು, ದೇಹ ತಪಾಸಣೆಗೆ ಒಳಗಾಗಬೇಕು; ರೋಗವಿದ್ದರೆ 'ಲಾಕ್ ಆಸ್ಪತ್ರೆ'ಯಲ್ಲಿ ಬಂಧಿಗಳಾಗಿರಬೇಕು. ಅವರಲ್ಲಿಗೆ ಹೋದ ಗಂಡಸಿಗೆ ಆ ಕಾಯಿದೆಯಲ್ಲಿ ನೋಂದಣಿಯಿಲ್ಲ, ತಪಾಸಣೆಯಿಲ್ಲ. ಇಬ್ಬರ ನಡುವೆ ಓಡಾಡುವ ರೋಗವನ್ನು ಒಬ್ಬರಲ್ಲಿ ಮಾತ್ರ ಹುಡುಕಿದರೆ ಅದು ನಿಂತೀತೆ? 1888ರಲ್ಲಿ ಕಾಯಿದೆ ರದ್ದಾಯಿತು.

ನಿಜವಾದ ಅಪರಾಧಿ ಸಿಕ್ಕಿದ್ದು 1905ರಲ್ಲಿ. ಬರ್ಲಿನ್ನಿನಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಸೂಕ್ಷ್ಮದರ್ಶಕದಡಿ ಸುರುಳಿಯಾಕಾರದ ಬ್ಯಾಕ್ಟೀರಿಯವೊಂದನ್ನು ಕಂಡರು. 1910ರಲ್ಲಿ ಎರ್ಲಿಖ್ ಮತ್ತು ಹಾತಾ ಅವರ ಸಾಲ್ವರ್ಸಾನ್ ಬಂದಿತು. ಹಲ್ಲು ಸಡಿಲಿಸಿ ಜೊಲ್ಲು ಸುರಿಸುತ್ತಿದ್ದ ಪಾದರಸದ ಕಾಲ ಮುಗಿಯತೊಡಗಿತು. 1943ರಲ್ಲಿ ಅಮೆರಿಕದ ವೈದ್ಯ ಮಹೋನಿ ಪೆನಿಸಿಲಿನ್ನಿನ ಗುಣವನ್ನು ತೋರಿಸಿದ.

ಮದ್ದು ಕೈಗೆ ಬಂದರೂ ರೋಗ ಏಕೆ ಉಳಿದಿದೆ? ಅದು ಬಲು ಮೋಸದ ರೋಗ. ಸೋಂಕು ತಗುಲಿದ ಸುಮಾರು ಮೂರು ವಾರಕ್ಕೆ ನೋವಿಲ್ಲದ ಹುಣ್ಣೊಂದು ಏಳುತ್ತದೆ, ಚಿಕಿತ್ಸೆಯಿಲ್ಲದೆಯೇ ಮಾಯುತ್ತದೆ. ಆಮೇಲೆ ಮೈಮೇಲೆ, ಎಷ್ಟೋ ವೇಳೆ ಅಂಗೈ ಅಂಗಾಲುಗಳಲ್ಲಿ, ದದ್ದು ಕಾಣಿಸಿ ಅದೂ ಅಡಗುತ್ತದೆ. ಗುಣವಾಯಿತೆಂದು ರೋಗಿ ನೆಮ್ಮದಿಗೊಳ್ಳುತ್ತಾನೆ. ಚಿಕಿತ್ಸೆ ಇಲ್ಲದವರಲ್ಲಿ ಕೆಲವರಿಗೆ ವರ್ಷಗಳ ಮೇಲೆ ಹೃದಯ, ಮಿದುಳು ಕೆಡುತ್ತವೆ. ಬಸುರಿಯಿಂದ ಗರ್ಭದ ಶಿಶುವಿಗೂ ಸೋಂಕು ದಾಟಿ, ಮಗು ಸತ್ತೇ ಹುಟ್ಟಬಹುದು.

ಈ ಮೋಸಕ್ಕೆ ಉತ್ತರ ರಕ್ತಪರೀಕ್ಷೆ. ಆರಂಭದ ಹಂತದಲ್ಲಿ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಸಾಮಾನ್ಯವಾಗಿ ಒಂದೇ ಸಾಕು. ಆದರೆ ಸಂಗಾತಿಗೂ ಪರೀಕ್ಷೆ, ಚಿಕಿತ್ಸೆ ಆಗಬೇಕು. ಒಮ್ಮೆ ಗುಣವಾದವರಿಗೂ ರೋಗ ಮತ್ತೆ ತಗುಲಬಲ್ಲದು. ಕಾಂಡೋಮ್ ಅಪಾಯವನ್ನು ಬಹಳಷ್ಟು ತಗ್ಗಿಸುತ್ತದೆ, ಪೂರ್ತಿ ಅಳಿಸದು. ಅದು ಮುಚ್ಚದ ಜಾಗದಲ್ಲೂ ಹುಣ್ಣಿರಬಹುದು. ಗರ್ಭಿಣಿಯರಿಗೆ ಮೊದಲ ತಿಂಗಳುಗಳಲ್ಲೇ ಪರೀಕ್ಷೆ ಆದರೆ ಕೂಸು ಉಳಿಯುತ್ತದೆ. 2015ರಲ್ಲಿ ಕ್ಯೂಬಾ, ತಾಯಿಯಿಂದ ಮಗುವಿಗೆ ಈ ರೋಗ ದಾಟುವುದನ್ನು ತಡೆದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆಯಿತು.

ಐನೂರು ವರ್ಷ ಮನುಷ್ಯರು ಈ ರೋಗಕ್ಕೆ ನೆರೆಯವರ ಹೆಸರನ್ನಿಟ್ಟರು. ತನ್ನ ಮನೆಯ ಬಾಗಿಲು ತಟ್ಟಿದಾಗ ನಾಚಿಕೆಯಿಂದ ಅದನ್ನು ಮುಚ್ಚಿಟ್ಟರು. ಕ್ರಿಮಿಗೆ ಬೇಕಾದದ್ದೂ ಅದೇ. ವೈದ್ಯನ ಮುಂದೆ ಬಾಯಿಬಿಟ್ಟು ಹೇಳುವ ಒಂದು ಮಾತು ಪರಂಗಿ ಚಕ್ಕೆಗಿಂತ ದೊಡ್ಡ ಮದ್ದು.